ಕಲ್ಲಿದ್ದಲು ಗಣಿಯ ಗುಡ್ಡವನ್ನು ಊರವರ ಕಾಡು ಮಾಡುವುದು: ಒಬ್ಬ ಹಳೆಯ ಡೋಜರ್ ಆಪರೇಟರ್ ಹೇಳುವ ದಾರಿ

19 ವರ್ಷ ನಾನು ತೆರೆದ ಕಲ್ಲಿದ್ದಲು ಗಣಿಯಲ್ಲಿ ಡೋಜರ್ ಓಡಿಸಿದೆ. ಓಬಿ ಗುಡ್ಡವನ್ನು ಕೇರಂ ಬೋರ್ಡಿನ ಹಾಗೆ ನುಣ್ಣಗೆ ಮಟ್ಟ ಮಾಡುವುದು ನನ್ನ ಹೆಮ್ಮೆಯಾಗಿತ್ತು. ಓಬಿ ಅಂದರೆ ಕಲ್ಲಿದ್ದಲಿನ ಮೇಲಿದ್ದ ಮಣ್ಣು, ಬಂಡೆ, ಶೇಲ್ ಎಂಬ ಪದರಗಲ್ಲು ಎಲ್ಲವನ್ನೂ ಅಗೆದು ಪಕ್ಕಕ್ಕೆ ಸುರಿದ ರಾಶಿ. ಗಣಿ ಮುಚ್ಚಿದ ಮೇಲೆ ಆ ಗುಡ್ಡದಲ್ಲಿ ಗಿಡ ನೆಡಲು ಊರವರು ಹೊರಟರು. ನಾನೂ ಹೋದೆ. 600 ಸಸಿ ನೆಟ್ಟೆವು. ಎರಡನೇ ಬೇಸಿಗೆ ಮುಗಿಯುವಷ್ಟರಲ್ಲಿ ಉಳಿದದ್ದು 41. ಆ 41 ಗಿಡಗಳೂ ಒಂದೇ ಮೂಲೆಯಲ್ಲಿದ್ದವು. ಹಿಂದೆ ನನ್ನ ಡೋಜರ್ ಕೆಟ್ಟು ನಿಂತು, ಮಟ್ಟ ಮಾಡದೆ ಹಾಗೇ ಬಿಟ್ಟಿದ್ದ ಮೂಲೆ ಅದು.

ಸತ್ತ ಗಿಡಗಳನ್ನು ಕಿತ್ತು ನೋಡಿದೆ. ಬೇರು ಒಂದು ಗೇಣು ಇಳಿದು, ಅಲ್ಲಿಂದ ಅಡ್ಡಡ್ಡ ತಿರುಗಿ ಸುತ್ತಿಕೊಂಡಿತ್ತು. ಕುಂಡದಲ್ಲಿ ಬೆಳೆದ ಗಿಡದ ಹಾಗೆ. ಕೆಳಗಿನ ನೆಲ ಗಾರೆ ಹಾಕಿದಷ್ಟು ಗಟ್ಟಿ. ಅದನ್ನು ಗಟ್ಟಿ ಮಾಡಿದವನು ನಾನೇ.

ಆಮೇಲೆ ಇನ್ನೂ ಮೂರು ಗುಡ್ಡಗಳಲ್ಲಿ ಕೆಲಸ ಮಾಡಿದೆ. ಅಲ್ಲಿ ಮಾಡಿದ ತಪ್ಪು, ತಿದ್ದಿಕೊಂಡ ರೀತಿ ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಗಿಡದ ಮಾತು ತಡವಾಗಿ ಬರುತ್ತದೆ. ಕೆಲಸದಲ್ಲೂ ಅದು ಕೊನೆಗೇ ಬರುವುದು.

ಸಲಿಕೆ ಹಿಡಿಯುವ ಮುಂಚೆ

ಜಾಗ ಯಾರದ್ದು, ಏನಾದರೂ ಕುಸಿದರೆ ಜವಾಬ್ದಾರಿ ಯಾರದ್ದು, ಎಷ್ಟು ವರ್ಷದ ಒಪ್ಪಂದ ಎನ್ನುವುದನ್ನೆಲ್ಲ ಕಾಗದದ ಮೇಲೆ ಮಾಡಿಸಿಕೊಳ್ಳಿ. 20 ವರ್ಷಕ್ಕಿಂತ ಕಡಿಮೆ ಆದರೆ ನಾನು ಒಪ್ಪುವುದಿಲ್ಲ. ನೆಡುವ ದಿನಕ್ಕೆ ಹಣ ಸುಲಭವಾಗಿ ಸಿಗುತ್ತದೆ, ಫೋಟೋ ಬರುತ್ತದಲ್ಲ. ಏಳನೇ ವರ್ಷ ಬೇಲಿ ರಿಪೇರಿಗೆ ಯಾರು ಕೊಡುತ್ತಾರೆ ಎಂದು ಈಗಲೇ ಕೇಳಿ.

ಆಮೇಲೆ ನಕ್ಷೆ. ನೆಲದಡಿಯ ಸುರಂಗಗಳು, ಗಣಿಗೆ ಬಾವಿಯ ಹಾಗೆ ನೇರ ಇಳಿಯುವ ಶಾಫ್ಟ್‌ಗಳು ಎಲ್ಲಿವೆ ಎಂದು ಗೊತ್ತಾಗದೆ ಯಂತ್ರ ಹತ್ತಿಸಬೇಡಿ. ಬ್ರಿಟನ್ನಿನಲ್ಲಿ ಗಣಿ ಮುಚ್ಚುವಾಗ ಅದರ ನಕ್ಷೆ ಕೊಡಲೇಬೇಕು ಎಂಬ ನಿಯಮ 1872ರಲ್ಲಿ ಬಂತು. ಅದಕ್ಕಿಂತ ಹಳೆಯ ಶಾಫ್ಟ್‌ಗಳಿಗೆ ಅಲ್ಲೂ ಕಾಗದವೇ ಇಲ್ಲದಿರಬಹುದು. ಹಾಗಾಗಿ ನಕ್ಷೆಯ ಜೊತೆಗೆ ಆ ಗಣಿಯಲ್ಲಿ ದುಡಿದ ಹಿರಿಯರನ್ನೂ ಕರೆದುಕೊಂಡು ಜಾಗ ಸುತ್ತಿ. ಪಂಪ್ ಎಲ್ಲಿತ್ತು, ಮಳೆಯಲ್ಲಿ ಯಾವ ಬದು ಒಸರುತ್ತಿತ್ತು, ಯಾವ ಗುಂಡಿಗೆ ಏನು ತುಂಬಿ ಮುಚ್ಚಿದರು ಎನ್ನುವುದು ಅವರ ಕಾಲಿಗೆ ನೆನಪಿರುತ್ತದೆ. ಕುರ್ಚಿಯಲ್ಲಿ ಕೂರಿಸಿ ಕೇಳಿದರೆ ಅರ್ಧ ಮರೆತಿರುತ್ತಾರೆ, ನಡೆಸುತ್ತಾ ಕೇಳಿದರೆ ಎಲ್ಲ ಬರುತ್ತದೆ.

ದುಂಡಗಿನ ತಗ್ಗು ಕಂಡರೆ ದೂರ ನಿಲ್ಲಿ. ಹಳೆ ಶಾಫ್ಟ್‌ನ ಮುಚ್ಚಳ ಕೆಳಗಿಳಿಯುತ್ತಿರಬಹುದು. ಕೆಟ್ಟ ಗಾಳಿಯ ವಿಷಯವೂ ಇದೆ. ಸ್ಕಾಟ್ಲೆಂಡಿನ ಗೋರ್‌ಬ್ರಿಜ್‌ನಲ್ಲಿ ಹಳೆ ಗಣಿಯಿಂದ ಇಂಗಾಲದ ಡೈಆಕ್ಸೈಡ್ ಮೇಲೆ ಬಂದು ಮನೆಗಳೊಳಗೆ ಸೇರಿಕೊಂಡಿತು. ಕೊನೆಗೆ 64 ಮನೆ ಕೆಡವಬೇಕಾಯಿತು. ತಗ್ಗಿನಲ್ಲಿ ಸಾಮಾನಿನ ಕೊಠಡಿಯನ್ನೋ ಮಕ್ಕಳ ಆಟದ ಗುಡಿಸಲನ್ನೋ ಕಟ್ಟುವ ಆಸೆ ಇದ್ದರೆ ಮೊದಲು ಗಾಳಿ ಪರೀಕ್ಷೆ ಮಾಡಿಸಿ.

ಗುಡ್ಡದೊಳಗೆ ಬೆಂಕಿ ಇದೆಯೋ ನೋಡಲು ಚಳಿಯ ಬೆಳಗ್ಗೆ ಹೋಗಿ. ಸುತ್ತ ಇಬ್ಬನಿ ಇದ್ದು ಒಂದು ತುಂಡು ಮಾತ್ರ ಒಣಗಿದ್ದರೆ, ಹಬೆ ಎದ್ದರೆ, ಗಂಧಕದ ವಾಸನೆ ಬಂದರೆ ಅಲ್ಲಿ ಅಗೆಯಬೇಡಿ. ಅಗೆದರೆ ಗಾಳಿ ಸಿಕ್ಕು ಬೆಂಕಿ ಜಾಸ್ತಿಯಾಗುತ್ತದೆ. ಪೆನ್ಸಿಲ್ವೇನಿಯಾದ ಸೆಂಟ್ರೇಲಿಯಾದಲ್ಲಿ 1962ರಲ್ಲಿ ಹತ್ತಿದ ಬೆಂಕಿ ನೆಲದಡಿ ಇನ್ನೂ ಉರಿಯುತ್ತಿದೆ. ಇದು ಊರವರು ಕೈಹಾಕುವ ಕೆಲಸವಲ್ಲ, ತಿಳಿದವರನ್ನು ಕರೆಸಿ.

ನನಗೆ ಬೆಂಕಿಗಿಂತ ಹೆದರಿಕೆ ಇರುವುದು ನೀರಿನ ಬಗ್ಗೆ. ವೇಲ್ಸ್‌ನ ಅಬರ್‌ವ್ಯಾನ್‌ನಲ್ಲಿ ಗಣಿಯ ಕಸವನ್ನು ಬೆಟ್ಟದ ಮೇಲಿನ ನೀರಿನ ಬುಗ್ಗೆಯ ಮೇಲೆಯೇ ಸುರಿದಿದ್ದರು. 1966ರ ಅಕ್ಟೋಬರ್ 21ರಂದು ಆ ಗುಡ್ಡ ಕೆಸರಾಗಿ ಜಾರಿ ಶಾಲೆಯ ಮೇಲೆ ಬಂತು. 144 ಜನ ಸತ್ತರು, ಅವರಲ್ಲಿ 116 ಮಕ್ಕಳು. ಇಂಥ ಗುಡ್ಡದ ಮೇಲೆ ಕೆಲಸ ಮಾಡುವವರೆಲ್ಲ ಇದನ್ನು ತಿಳಿದಿರಬೇಕು. ನಿಮ್ಮ ಸಭೆಯಲ್ಲೂ ಯಾರಾದರೂ ಒಬ್ಬರು "ನೆತ್ತಿಯ ಮೇಲೆ ಒಂದು ಚಂದದ ಕೊಳ ಇರಲಿ" ಎಂದು ಹೇಳಿಯೇ ಹೇಳುತ್ತಾರೆ. ಬೇಡ. ಬುಗ್ಗೆ, ಒಸರು, ಹಳೆಯ ಚರಂಡಿ ಎಲ್ಲವನ್ನೂ ಗುರುತಿಸಿ, ನೀರು ಗುಡ್ಡದೊಳಗೆ ಇಂಗಿ ನಿಲ್ಲದೆ ಹೊರಗೆ ಹೋಗುವ ದಾರಿ ಮಾಡಿ. ಇಳಿಜಾರು ಗಟ್ಟಿಯಾಗಿದೆಯೇ ಎಂದು ಎಂಜಿನಿಯರ್ ಒಬ್ಬರು ನೋಡಿ ಸಹಿ ಹಾಕಿದ ಮೇಲೆಯೇ ಜನರನ್ನು ಹತ್ತಲು ಬಿಡಿ.

ಕಲ್ಲಿದ್ದಲು ಅಗೆದ ಹಳೆ ಪಿಟ್‌ನಲ್ಲಿ ನೀರು ತುಂಬಿ ಕೆರೆ ಮಾಡುವುದು ಬೇರೆ ಮಾತು. ಜರ್ಮನಿಯ ಲುಸಾಷಿಯಾದಲ್ಲಿ ಹಾಗೆ ಮಾಡಿದ ಕೆರೆಗಳ ಸಾಲೇ ಇದೆ. ಆದರೆ ಅದೇ ದೇಶದ ನಾಖ್ಟರ್‌ಸ್ಟೆಟ್‌ನಲ್ಲಿ ಇಂಥದ್ದೇ ಕೆರೆಯ ದಂಡೆ 2009ರಲ್ಲಿ ಮನೆಗಳ ಸಮೇತ ಜಾರಿ ಮೂವರು ಸತ್ತರು. ಕೆರೆ ಬೇಕಾದರೆ ಅದು ದೊಡ್ಡ ಎಂಜಿನಿಯರಿಂಗ್ ಕೆಲಸ ಎಂದು ತಿಳಿದೇ ಹೊರಡಿ.

ನೆಲ ಸಡಿಲ ಮಾಡುವುದು

ನಾನು ಮಾಡಿದ ತಪ್ಪನ್ನು ಒಂದು ಇಡೀ ದೇಶವೇ ಮಾಡಿತ್ತು ಎಂದು ಗೊತ್ತಾದಾಗ ನನಗೆ ಸ್ವಲ್ಪ ಸಮಾಧಾನವಾಯಿತು. ಅಮೆರಿಕದಲ್ಲಿ 1977ರಲ್ಲಿ ತೆರೆದ ಗಣಿಗಳ ಮೇಲೆ ಕಾನೂನು ಬಂತು. ಅಗೆದ ಮೇಲೆ ನೆಲವನ್ನು ಮತ್ತೆ ಸರಿಮಾಡಲೇಬೇಕು ಎಂದಿತು ಆ ಕಾನೂನು. ಒಳ್ಳೆಯದೇ. ಆದರೆ ಗುಡ್ಡ ಜಾರಬಾರದು, ಮಣ್ಣು ಕೊಚ್ಚಬಾರದು ಎಂಬ ಭಯದಲ್ಲಿ ಎಲ್ಲರೂ ಡೋಜರ್ ಹತ್ತಿಸಿ ಒತ್ತಿ ಒತ್ತಿ ಮಟ್ಟ ಮಾಡಿ, ದಟ್ಟವಾಗಿ ಹುಲ್ಲು ಬಿತ್ತಿದರು. ಅಪಲೇಷಿಯಾದ ಬೆಟ್ಟಗಳಲ್ಲಿ ಕಾಡಿದ್ದ ಜಾಗ ಹುಲ್ಲುಗಾವಲಾಗಿ ನಿಂತುಬಿಟ್ಟಿತು, ಮರ ಏಳಲೇ ಇಲ್ಲ. 2004ರಲ್ಲಿ ಸರ್ಕಾರದವರು, ಸಂಶೋಧಕರು, ಗಣಿಯವರು ಒಟ್ಟು ಸೇರಿ ಬೇರೆ ರೀತಿಯನ್ನು ಪ್ರಚಾರ ಮಾಡಲು ಶುರುಮಾಡಿದರು. ಅದರ ಮುಖ್ಯ ಮಾತು ಇಷ್ಟೇ: ಕನಿಷ್ಠ 4 ಅಡಿ, ಅಂದರೆ 1.2 ಮೀಟರ್ ಆಳದವರೆಗೆ ಬೇರು ಇಳಿಯುವಂಥ ಒಳ್ಳೆಯ ಮಣ್ಣುಕಲ್ಲು ಹಾಕಿ, ಅದನ್ನು ಒತ್ತಬೇಡಿ. 2001ರ ಸೆಪ್ಟೆಂಬರ್ 11ರಂದು ಉಗ್ರರು ಅಪಹರಿಸಿದ್ದ ಯುನೈಟೆಡ್ 93 ವಿಮಾನ ಬಿದ್ದ ಜಾಗವೂ ಹಳೆಯ ಕಲ್ಲಿದ್ದಲು ಗಣಿಯ ನೆಲವೇ. ಅಲ್ಲಿನ ಸ್ಮಾರಕದ ಸುತ್ತ 2012ರಿಂದ ಸ್ವಯಂಸೇವಕರು ವರ್ಷ ವರ್ಷ ಗಿಡ ನೆಟ್ಟದ್ದು ಇದೇ ಪಾಠ ಇಟ್ಟುಕೊಂಡು.

ನಿಮ್ಮ ನೆಲ ಗಟ್ಟಿಯಾಗಿದೆಯೇ ಎಂದು ತಿಳಿಯಲು ಲ್ಯಾಬ್ ಬೇಡ. ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ. ತೋಡುವಾಗಲೇ ಅರ್ಧ ಉತ್ತರ ಸಿಗುತ್ತದೆ. ಅದಕ್ಕೆ ನೀರು ತುಂಬಿಸಿ ಮನೆಗೆ ಹೋಗಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಗಿಡ ಬದುಕುವುದಿಲ್ಲ. ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ಇಂಥ ಗುಂಡಿಗಳನ್ನು 10–15 ಕಡೆ ತೋಡಿ. ಡಂಪರ್ ಓಡಾಡಿದ ಹಾಲ್ ರೋಡ್ ಎಲ್ಲಿತ್ತು ಎನ್ನುವುದೂ ಆಗ ಗೊತ್ತಾಗುತ್ತದೆ. ಅಲ್ಲಿ ಹಾರೆಯೂ ಇಳಿಯುವುದಿಲ್ಲ.

ಸಡಿಲ ಮಾಡಲು ಎರಡು ದಾರಿ. ಡೋಜರ್ ಹಿಂದೆ ರಿಪ್ಪರ್, ಅಂದರೆ ನೆಲ ಸೀಳುವ ದಪ್ಪ ಕಬ್ಬಿಣದ ಹಲ್ಲು, ಕಟ್ಟಿ ಒಂದು ಮೀಟರಿನಷ್ಟು ಆಳಕ್ಕೆ ಸೀಳುವುದು ಒಂದು. ಮಟ್ಟಸ ಜಾಗದಲ್ಲಿ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಸೀಳಿ, ಗೆರೆಗಳು ಕೂಡುವಲ್ಲಿ ಗಿಡ ನೆಡಿ. ಇಳಿಜಾರಿನಲ್ಲಿ ಅಡ್ಡಕ್ಕೆ, ಸಮಮಟ್ಟದ ಗೆರೆ ಹಿಡಿದೇ ಸೀಳಬೇಕು. ಮೇಲಿಂದ ಕೆಳಕ್ಕೆ ಸೀಳಿದರೆ ಪ್ರತಿ ಗೆರೆಯೂ ಮಳೆಗೆ ಹಳ್ಳವಾಗುತ್ತದೆ. ತೀರಾ ಕಡಿದಾದ ಕಡೆ ಯಂತ್ರ ಬೇಡ, ಕೈಯಲ್ಲೇ ಗುಂಡಿ ಮಾಡಿ.

ಇಲ್ಲೊಂದು ಗುಟ್ಟು. ನೆಲ ಒಣಗಿದ್ದಾಗ ಮಾತ್ರ ಸೀಳಿ. ಹೊಲ ಉಳುವವರು ಹದ ನೋಡುತ್ತಾರಲ್ಲ, ಇಲ್ಲಿ ಬೇಕಾದದ್ದು ಅದಕ್ಕಿಂತ ಒಣ ನೆಲ. ಮೊಣಕೈ ಆಳದ ಮಣ್ಣು ತೆಗೆದು ಅಂಗೈಯಲ್ಲಿ ಉಜ್ಜಿ. ಬತ್ತಿಯ ಹಾಗೆ ಹೊಸೆಯಲು ಬಂದರೆ ಇನ್ನೂ ಕಾಯಿರಿ. ಹಸಿ ನೆಲದಲ್ಲಿ ರಿಪ್ಪರ್ ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಹೋಗುತ್ತದೆ, ಒಂದು ಸೀಳು ಬಿಟ್ಟು ಅಕ್ಕಪಕ್ಕ ಏನೂ ಒಡೆಯುವುದಿಲ್ಲ. ಒಣಗಿದ್ದರೆ ನೆಲ ಎದ್ದು ಬಿರಿಯುತ್ತದೆ. ಆ ಸದ್ದೇ ಬೇರೆ, ಸೀಟಿನಲ್ಲಿ ಕೂತವನಿಗೆ ಕೇಳಿಸುತ್ತದೆ.

ಎರಡನೆಯದು ಎಕ್ಸ್‌ಕವೇಟರ್. ನಿಧಾನ, ಆದರೆ ನನಗೆ ಇದೇ ಇಷ್ಟ. ಯಂತ್ರ ಗಟ್ಟಿ ನೆಲದ ಮೇಲೆ ನಿಂತು, ಮುಂದಿನ ಪಟ್ಟಿಯನ್ನು ಬಕೆಟ್‌ನಲ್ಲಿ ಅಗೆದು, ಎತ್ತಿ, ಅಲ್ಲೇ ಸಡಿಲವಾಗಿ ಬೀಳಿಸಬೇಕು. ಆಮೇಲೆ ಹಿಂದೆ ಸರಿದು ಮುಂದಿನ ಪಟ್ಟಿ. ಮನೆಯ ನೆಲ ಒರೆಸುವವರು ಹಿಮ್ಮುಖವಾಗಿ ಬಾಗಿಲ ಕಡೆ ಬರುತ್ತಾರಲ್ವಾ, ಅದೇ ರೀತಿ. ಸಡಿಲ ಮಾಡಿದ ನೆಲದ ಮೇಲೆ ಮತ್ತೆ ಚಕ್ರವಾಗಲಿ ಚೈನ್ ಆಗಲಿ ಹತ್ತಬಾರದು. ಹೊಸದಾಗಿ ಮಣ್ಣು ತಂದು ಹಾಕುತ್ತಿದ್ದರೂ ಇದೇ ನಿಯಮ: ಡಂಪರ್ ರಾಶಿ ರಾಶಿಯಾಗಿ ಒತ್ತೊತ್ತಾಗಿ ಸುರಿದು ಹೋಗಲಿ, ತಲೆ ಚೂಪಾಗಿದ್ದರೆ ಡೋಜರ್ ಒಮ್ಮೆ ಮಾತ್ರ ಹಗುರವಾಗಿ ಸವರಲಿ. ಸಾಕು.

ಕೆಲಸ ಮುಗಿದಾಗ ಜಾಗ ನೋಡಲು ಅಸಹ್ಯವಾಗಿರುತ್ತದೆ. ಗುಂಡಿ, ದಿಬ್ಬ, ಬಂಡೆ. ಅಧಿಕಾರಿಗಳು ಬಂದು "ಕೆಲಸ ಅರ್ಧಕ್ಕೆ ಬಿಟ್ಟಿದ್ದೀರಾ?" ಎಂದು ಕೇಳುತ್ತಾರೆ. ಒಂದು ಸಲ ನಾನು ಊರಲ್ಲಿಲ್ಲದ ವಾರ ಗುತ್ತಿಗೆಯವರೊಬ್ಬರು ಉದ್ಘಾಟನೆಗೆ ಚೆನ್ನಾಗಿ ಕಾಣಲಿ ಎಂದು ರೋಲರ್ ಹೊಡೆಸಿಬಿಟ್ಟರು. ಮೂರು ವಾರದ ಕೆಲಸ ಒಂದು ಮಧ್ಯಾಹ್ನದಲ್ಲಿ ಹೋಯಿತು. ಈಗ ನಾನು ಸಡಿಲ ಮಾಡಿದ ಜಾಗಕ್ಕೆ ಅಂದೇ ಸಂಜೆ ಗೂಟ ನೆಟ್ಟು ಹಗ್ಗ ಕಟ್ಟುತ್ತೇನೆ. ಯಾವ ಗುತ್ತಿಗೆ ಪತ್ರದಲ್ಲೂ "ಮಟ್ಟ ಮಾಡುವುದು" ಎಂಬ ಮಾತು ಬರದಂತೆ ನೋಡಿಕೊಳ್ಳಿ.

ಹುಳಿ, ಬಿಸಿಲು, ಹಸಿವು

ಮಣ್ಣಿಗೆ ಮೂರು ಕಾಯಿಲೆ. ಮೊದಲನೆಯದು ಹುಳಿ. ಕಲ್ಲಿದ್ದಲಿನ ಜೊತೆ ಬರುವ ಕಲ್ಲುಗಳಲ್ಲಿ ಪೈರೈಟ್ ಇರುತ್ತದೆ, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಅದಕ್ಕೆ ಗಾಳಿ, ನೀರು ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ. ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ ಪಿಎಚ್, ಅದು 3ಕ್ಕೂ ಇಳಿಯಬಹುದು. ಕಿತ್ತಳೆ ಬಣ್ಣದ ನೀರು ಹರಿಯುತ್ತಿದ್ದರೆ ಅದೇ ಗುರುತು. ಮೋಸ ಎಲ್ಲಿದೆ ಎಂದರೆ, ಇವತ್ತು ಹೊಸದಾಗಿ ಅಗೆದ ಬೂದು ಶೇಲ್ ಪರೀಕ್ಷೆಯಲ್ಲಿ ಸರಿಯಾಗೇ ಇರುತ್ತದೆ, ಒಂದೆರಡು ವರ್ಷ ಮಳೆ ಬಿಸಿಲು ಕಂಡ ಮೇಲೆ ಹುಳಿಯಾಗುತ್ತದೆ. ಹಾಗಾಗಿ ಪಿಎಚ್ ಜೊತೆಗೆ ಗಂಧಕ ಎಷ್ಟಿದೆ ಎಂದೂ ಲ್ಯಾಬ್‌ನಲ್ಲಿ ನೋಡಿಸಿ. ನಾಲ್ಕು ಹೆಜ್ಜೆಗೆ ಮಣ್ಣು ಬದಲಾಗುತ್ತದೆ, ಒಂದೇ ಚೀಲ ಕಳಿಸಿ ಕೂರಬೇಡಿ. ಸುಣ್ಣ ಎಷ್ಟು ಬೇಕು ಎಂದು ಲ್ಯಾಬ್ ಹೇಳುತ್ತದೆ. ಅದನ್ನು ನೆಲ ಸಡಿಲ ಮಾಡುವಾಗಲೇ ಆಳಕ್ಕೆ ಬೆರೆಸಿ. ಮೇಲೆ ಎರಚಿದ ಸುಣ್ಣ ಮೇಲೆಯೇ ಉಳಿಯುತ್ತದೆ. ತುಂಬಾ ಹುಳಿ ಇರುವ ತುಂಡುಗಳನ್ನು ಒಳ್ಳೆಯ ಮಣ್ಣಿನಡಿ ಹೂತುಬಿಡುವುದು ಇನ್ನೂ ಒಳ್ಳೆಯದು.

ಬಿಸಿಲು ಎರಡನೆಯದು. ಕಪ್ಪು ಶೇಲ್ ಬೇಸಿಗೆಯಲ್ಲಿ 50 ಡಿಗ್ರಿ ದಾಟಿ ಕಾಯುತ್ತದೆ, ಎಳೆ ಸಸಿಯ ಬುಡ ಬೆಂದುಹೋಗುತ್ತದೆ. ಬುಡದ ಸುತ್ತ ಮರದ ಚಕ್ಕೆ ಇಲ್ಲವೇ ಒಣಹುಲ್ಲು ಹಾಸಿ. ಚಕ್ಕೆಯನ್ನು ಮಣ್ಣಿಗೆ ಬೆರೆಸಬೇಡಿ, ಅದು ಕೊಳೆಯುವಾಗ ಸಾರಜನಕವನ್ನೆಲ್ಲ ತಾನೇ ಹೀರಿಕೊಳ್ಳುತ್ತದೆ.

ಆ ಸಾರಜನಕವೇ ಮೂರನೆಯ ಕೊರತೆ. ಪಾಳು ಗಣಿ ನೆಲಗಳನ್ನು ಬಹಳ ವರ್ಷ ಅಭ್ಯಾಸ ಮಾಡಿದ ಲಿವರ್‌ಪೂಲ್ ವಿಶ್ವವಿದ್ಯಾಲಯದ ಆಂಟನಿ ಬ್ರಾಡ್‌ಶಾ ಇದನ್ನೇ ಒತ್ತಿ ಹೇಳುತ್ತಿದ್ದರು. ನೆಲದಲ್ಲಿ ಸಾರಜನಕ ಮೆಲ್ಲಗೆ ಕೂಡಿಬರಬೇಕು, ಒಂದು ಚೀಲ ಗೊಬ್ಬರದಿಂದ ಆಗುವ ಕೆಲಸವಲ್ಲ. ಕಾಂಪೋಸ್ಟ್ ಸಿಕ್ಕರೆ ಬೆರೆಸಿ. ಚರಂಡಿ ನೀರು ಶುದ್ಧ ಮಾಡುವ ಘಟಕದ ಕೆಸರುಗೊಬ್ಬರವೂ ಆಗುತ್ತದೆ, ಆದರೆ ಸೀಸ, ಕ್ಯಾಡ್ಮಿಯಂ ಪರೀಕ್ಷೆ ಆಗಿರಬೇಕು. ಉಳಿದದ್ದನ್ನು ಬೇರಿನಲ್ಲಿ ಸಾರಜನಕ ಹಿಡಿಯುವ ಗಿಡಗಳಿಗೆ ಬಿಡಿ.

ಈಗ ಗಿಡ

ತಂಪು ದೇಶಗಳಲ್ಲಿ ಸಾರಜನಕ ಹಿಡಿಯುವ ಕೆಲಸಕ್ಕೆ ಆಲ್ಡರ್ ಮರ. ಬಿಸಿಲ ನಾಡುಗಳಲ್ಲಿ ಹೊಂಗೆ, ಬಾಗೆ, ಕರಿಜಾಲಿಯಂಥವು. ನೆಟ್ಟ ಗಿಡಗಳಲ್ಲಿ ಮೂರನೇ ಒಂದು ಭಾಗದಷ್ಟು ಇವಿರಲಿ, ನಡುನಡುವೆ ಆ ಪ್ರದೇಶದ ಕಾಡಿನ ನಿಧಾನ ಬೆಳೆಯುವ ಮರಗಳಿರಲಿ. ಬೇಗ ಹಸಿರು ಕಾಣಲಿ ಎಂದು ಇಡೀ ಗುಡ್ಡಕ್ಕೆ ಒಂದೇ ಅಕೇಶಿಯಾ ಹಾಕಿದ ಜಾಗಗಳನ್ನು ನೋಡಿದ್ದೇನೆ. ಹತ್ತು ವರ್ಷಕ್ಕೆ ನೆರಳಿದೆ, ಹಕ್ಕಿ ಇಲ್ಲ. ಬಳ್ಳಾರಿ ಜಾಲಿಯನ್ನಂತೂ ತರಲೇಬೇಡಿ, ಆಮೇಲೆ ಓಡಿಸಲಾಗುವುದಿಲ್ಲ. ತಾನಾಗಿ ಬಂದ ಗಿಡಗಳನ್ನು ಕೀಳಬೇಡಿ. ಯುರೋಪಿನ ಗಣಿ ಗುಡ್ಡಗಳಲ್ಲಿ ಬರ್ಚ್ ಮರ ಯಾರೂ ನೆಡದೆಯೇ ಬರುತ್ತದೆ. ಅದು ಬಂದ ಕಡೆ ನಿಮ್ಮ ಖರ್ಚು ಉಳಿಯಿತು.

ಸಣ್ಣ ಸಸಿ ತನ್ನಿ, ಮೊಣಕಾಲು ಎತ್ತರದ್ದು ಸಾಕು. ಆಳೆತ್ತರದ ಗಿಡ ನೆಟ್ಟರೆ ಸಮಾರಂಭಕ್ಕೆ ಚೆಂದ, ಆದರೆ ಇಂಥ ನೆಲದಲ್ಲಿ ಅದರ ಬೇರು ಮೇಲಿನ ಎಲೆಗಳಿಗೆ ನೀರು ಒದಗಿಸಲಾರದು. 2 ಮೀಟರಿಗೆ ಒಂದರಂತೆ ನೆಟ್ಟರೆ ಹೆಕ್ಟೇರಿಗೆ 2,500. ಸಾಲು ಹಿಡಿಯಬೇಡಿ, ದಿಬ್ಬ ತಗ್ಗು ನೋಡಿ ನೆಡಿ. ನೀರು ಸಹಿಸುವುದು ತಗ್ಗಿಗೆ, ಒಣ ಸಹಿಸುವುದು ದಿಬ್ಬಕ್ಕೆ. ಬರಿಬೇರಿನ, ಅಂದರೆ ಬೇರಿಗೆ ಮಣ್ಣಿಲ್ಲದ ಸಸಿಯಾದರೆ ಗುಂಡಿಗೆ ಇಳಿಯುವ ಕ್ಷಣದವರೆಗೂ ಬೇರು ಚೀಲದೊಳಗೇ ಇರಬೇಕು. ಜನ ಮಾತಾಡುತ್ತಾ ಕೈಯಲ್ಲಿ ಹಿಡಿದು ಓಡಾಡುತ್ತಾರೆ, ಹತ್ತು ನಿಮಿಷದ ಬಿಸಿಲು ಗಾಳಿಗೆ ಸಣ್ಣ ಬೇರೆಲ್ಲ ಒಣಗುತ್ತದೆ. ನೆಡುವ ದಿನ ನಾನು ಬೇರೆ ಏನೂ ಮಾಡುವುದಿಲ್ಲ, ಚೀಲಗಳನ್ನು ಮಾತ್ರ ಕಾಯುತ್ತೇನೆ. ಗುಂಡಿಗೆ ಹಳೆಯ ಕಾಡಿನ ಮರದ ಬುಡದ ಮಣ್ಣು ಒಂದು ಹಿಡಿ ಹಾಕಿ. ಬೇರಿಗೆ ನೆರವಾಗುವ ಶಿಲೀಂಧ್ರ ಗಣಿ ಕಸದಲ್ಲಿ ಬಹಳ ಕಡಿಮೆ.

ಎಲ್ಲ ಕಡೆ ಮರ ಬೇಡ

ನನಗೆ ಇದು ಒಪ್ಪಲು ಬಹಳ ದಿನ ಬೇಕಾಯಿತು. ಬೋಳು ಕಪ್ಪು ನೆಲ ಕಂಡರೆ ತಪ್ಪು ಮಾಡಿದ ಭಾವ ನನಗೆ. ಆದರೆ ಬ್ರಿಟನ್ನಿನ ಗಣಿ ಗುಡ್ಡಗಳ ಬರಡು ಜಾಗಗಳಲ್ಲೇ ಡಿಂಗಿ ಸ್ಕಿಪ್ಪರ್, ಗ್ರೇಲಿಂಗ್ ಎಂಬ ಚಿಟ್ಟೆಗಳು ಉಳಿದುಕೊಂಡಿವೆ. ಅವಕ್ಕೆ ಬೇಕಾದದ್ದು ಬಿಸಿ ನೆಲ, ಬಿಡಿ ಬಿಡಿ ಹುಲ್ಲು. ಕಾಲು ಭಾಗದಷ್ಟು ಜಾಗವನ್ನಾದರೂ ಬಯಲಾಗಿ ಬಿಡಿ. ನೆಡುವ ಮೊದಲು ಒಂದು ವರ್ಷ ಅಲ್ಲಿ ಏನೇನು ಇದೆ ಎಂದು ಹಕ್ಕಿ, ಕೀಟ ಬಲ್ಲವರಿಂದ ನೋಡಿಸಿ.

ದಾರಿಯ ವಿಷಯಕ್ಕೂ ಆ ವರ್ಷ ಬೇಕು. ಜನ ಈಗಾಗಲೇ ಎಲ್ಲಿ ನಡೆಯುತ್ತಿದ್ದಾರೆ, ನಾಯಿ ಕರೆದುಕೊಂಡು ಎಲ್ಲಿ ತಿರುಗುತ್ತಾರೆ, ಹುಡುಗರು ಬೈಕ್ ಎಲ್ಲಿ ಹಾರಿಸುತ್ತಾರೆ ಎಂದು ಗಮನಿಸಿ. ಆ ಕಾಲುದಾರಿಯನ್ನೇ ದಾರಿ ಮಾಡಿ. ಕಾಗದದ ಮೇಲೆ ಎಳೆದ ವಂಕಿ ವಂಕಿ ದಾರಿಯಲ್ಲಿ ಯಾರೂ ನಡೆಯುವುದಿಲ್ಲ, ನಿಮ್ಮ ಸಸಿಗಳ ಮೇಲೆಯೇ ಅಡ್ಡ ಹಾಯುತ್ತಾರೆ. ಹಳೆಯ ಹಾಲ್ ರೋಡ್ ದಾರಿಗೆ ಹೇಳಿ ಮಾಡಿಸಿದ್ದು. ಅದು ಗಟ್ಟಿಯಾಗಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಾಲಿಕುರ್ಚಿಯೂ ಹೋಗುತ್ತದೆ. ಬೈಕ್ ಹುಡುಗರಿಗೆ ಒಂದು ಮೂಲೆ ಕೊಟ್ಟುಬಿಡಿ. ನಾವು ಬೇಲಿ ಹಾಕಿ ಎರಡು ವರ್ಷ ಜಗಳ ಮಾಡಿ, ಕೊನೆಗೆ ಕೊಟ್ಟೆವು. ಆಮೇಲೆ ಅವರೇ ನೀರು ಹೊರಲು ಬಂದರು, ಎಲ್ಲರೂ ಅಲ್ಲ, ಇಬ್ಬರು.

ದೊಡ್ಡ ಪ್ರಮಾಣದಲ್ಲಿ ಇದು ಆಗುತ್ತದೆಯೇ ಎಂದು ಕೇಳುವವರಿಗೆ ನಾನು ಇಂಗ್ಲೆಂಡಿನ ನ್ಯಾಷನಲ್ ಫಾರೆಸ್ಟ್ ಹೆಸರು ಹೇಳುತ್ತೇನೆ. 1990ರ ದಶಕದಲ್ಲಿ ಕೆಲಸ ಶುರುವಾದಾಗ ಅಲ್ಲಿ ಕಾಡಿದ್ದದ್ದು ನೂರಕ್ಕೆ 6ರಷ್ಟು ನೆಲದಲ್ಲಿ. ಈಗ 20 ದಾಟಿದೆ. ಅದರ ನಡುವೆ ಲೆಸ್ಟರ್‌ಶೈರಿನ ಹಳೆಯ ಕಲ್ಲಿದ್ದಲು ಊರುಗಳಿವೆ. ಅವು ಕಾಡಿನ ಪಕ್ಕದ ಊರುಗಳಾಗಿ ಈಗ ಜನರನ್ನು ಕರೆಯುತ್ತಿವೆ.

ನೆಟ್ಟ ಮೇಲಿನ ವರ್ಷಗಳು

ಮೊದಲ ಮೂರು ವರ್ಷ ಹುಲ್ಲೇ ಶತ್ರು. ಬುಡದ ಸುತ್ತ ಒಂದು ಮೀಟರ್ ಅಗಲ ಹುಲ್ಲಿಲ್ಲದೆ ಇಡಿ. ಬರೀ ಕೊಯ್ದರೆ ಸಾಲದು, ಕೊಯ್ದ ಹುಲ್ಲು ಇನ್ನಷ್ಟು ಚಿಗುರಿ ನೀರು ಕುಡಿಯುತ್ತದೆ. ದನ, ಆಡು, ಮೊಲ, ಜಿಂಕೆ ಯಾವುದಿದೆಯೋ ಅದಕ್ಕೆ ತಕ್ಕ ಬೇಲಿ ಇರಲಿ. ಪ್ರತಿ ವರ್ಷ ಒಂದೇ ತಿಂಗಳಲ್ಲಿ ಗಿಡ ಎಣಿಸಿ. ಎಲ್ಲವನ್ನೂ ಬೇಡ, ಗೂಟ ನೆಟ್ಟು ಗುರುತು ಮಾಡಿದ ಹತ್ತು ಚೌಕಗಳನ್ನು ಎಣಿಸಿದರೆ ಸಾಕು. ಸತ್ತ ಕಡೆ ಬದಲಿ ಗಿಡ ಇಡುವ ಮೊದಲು ಕಿತ್ತು ಬೇರು ನೋಡಿ. ಬೇರು ಅಡ್ಡ ತಿರುಗಿದ್ದರೆ ಅಲ್ಲಿ ಎಷ್ಟು ಸಲ ನೆಟ್ಟರೂ ಸುಮ್ನೆ ದಂಡ, ಯಂತ್ರ ಮತ್ತೆ ಬರಬೇಕು.

ಹತ್ತು ಹನ್ನೆರಡು ವರ್ಷಕ್ಕೆ ಮರ ಕಡಿಯುವ ಕೆಲಸ ಬರುತ್ತದೆ. ಬೇಗ ಬೆಳೆದ ಆಲ್ಡರ್, ಜಾಲಿಗಳು ಮೇಲೆ ಚಾವಣಿ ಮುಚ್ಚಿ ಕೆಳಗಿನ ನಿಧಾನದ ಮರಗಳನ್ನು ತಡೆಯುತ್ತಿರುತ್ತವೆ. ಮೂರರಲ್ಲಿ ಒಂದನ್ನು ತೆಗೆಯಬೇಕು. ನೆಟ್ಟವರೇ ಬಂದು ಅಳುತ್ತಾರೆ, ಪೊಲೀಸರಿಗೂ ಫೋನ್ ಹೋಗುತ್ತದೆ. ಹಾಗಾಗಿ ಕಡಿಯುವ ಒಂದು ತಿಂಗಳು ಮೊದಲು ಎಲ್ಲರನ್ನೂ ಕರೆದುಕೊಂಡು ಹೋಗಿ, ಮರದಡಿ ಬಗ್ಗಿಸಿ ಕೆಳಗೆ ಸೊರಗಿ ನಿಂತ ಗಿಡಗಳನ್ನು ತೋರಿಸಿ, ಯಾವುದನ್ನು ತೆಗೆಯುವುದು ಎಂದು ಅವರ ಕೈಯಲ್ಲೇ ಸುಣ್ಣದ ಗುರುತು ಹಾಕಿಸಿ. ಕಡಿದ ಮರವನ್ನು ಹೊರಗೆ ಎಳೆಯಲು ಟ್ರ್ಯಾಕ್ಟರ್ ತರಬೇಡಿ. ಬಿದ್ದಲ್ಲೇ ಬಿಡಿ.